ಗರಡಿಯಿಂದ ಗದ್ದುಗೆಗೆ: ರಣಧೀರ ಕಂಠೀರವ

ಕಂಠೀರವ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಬೆಂಗಳೂರಿನ ಸ್ಟೇಡಿಯಂ. ಫುಟ್‌ಬಾಲ್ ಹುಚ್ಚಿನವರಿಗೆ ಅದು ಮ್ಯಾಚು ನೋಡೋ ಜಾಗ, ನಮ್ಮ ಅಜ್ಜಿ-ತಾತಂದಿರಿಗೆ ಅದು 1960ರಲ್ಲಿ ಬಂದ ಅಣ್ಣಾವ್ರ ಸಿನಿಮಾ. ಆದರೆ ಆ ಹೆಸರಿನ ಮನುಷ್ಯ ಯಾರು, ಏನು ಮಾಡಿದ ಅಂತ ಕೇಳಿದರೆ ನಾವೆಲ್ಲ ಮುಖ ಮುಖ ನೋಡಿಕೊಳ್ಳುತ್ತೇವೆ. ಕನ್ನಡ ಸಂಘದವರು ಈ ಸಲ ಅದನ್ನೇ ಹುಡುಕಿಕೊಂಡು ಹೊರಟೆವು. ಹುಡುಕಾಟ ಶ್ರೀರಂಗಪಟ್ಟಣದಲ್ಲಿ ಶುರುವಾಗಿ ಕೊನೆಗೆ ಬಂದು ನಿಂತಿದ್ದು ನಮ್ಮ ಪಕ್ಕದ ಚನ್ನಪಟ್ಟಣದಲ್ಲಿ!

ಕಂಠೀರವ ನರಸರಾಜ ಒಡೆಯರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ, ಮೈಸೂರಿನ ರಾಜ ಒಡೆಯರ ತಮ್ಮ. ಹುಡುಗ ಬೆಳೆದದ್ದು ಅರಮನೆಯಿಂದ ದೂರ, ಗುಂಡ್ಲುಪೇಟೆ ಹತ್ತಿರದ ತೆರಕಣಾಂಬಿಯಲ್ಲಿ. ಸಿಂಹಾಸನಕ್ಕೆ ಹತ್ತಿರದ ವಾರಸುದಾರನೇನೂ ಅಲ್ಲ. ಹಾಗಾಗಿ ಅವನ ಬದುಕಿನಲ್ಲಿ ಮೊದಲು ಬಂದದ್ದು ಗರಡಿ, ಗದ್ದುಗೆ ಆಮೇಲೆ.

ಆ ಕಾಲದ ಗರಡಿ ಅಂದರೆ ಈಗಿನ ಜಿಮ್ ಥರ ಅಲ್ಲ. ಹದ ಮಾಡಿದ ಕೆಮ್ಮಣ್ಣಿನ ಅಖಾಡ, ಮೂಲೆಯಲ್ಲಿ ದೇವರು, ಗೋಡೆಗೊರಗಿಸಿದ ಗದೆಗಳು. ದಂಡ, ಬಸ್ಕಿ, ಸಾಮು, ಆಮೇಲೆ ಪಟ್ಟು. ಒಂದೊಂದು ಪಟ್ಟು ಕೈಗೆ ಹತ್ತಲು ವರ್ಷಗಟ್ಟಲೆ ಹಿಡಿಯುತ್ತಿತ್ತು. ಮೈಬಲದ ಜೊತೆ ಕತ್ತಿವರಸೆಯನ್ನೂ ಕಲಿತವನು ನರಸರಾಜ.

1638ರಲ್ಲಿ ಎಲ್ಲವೂ ಬದಲಾಯಿತು. ಆಗ ರಾಜನಾಗಿದ್ದ ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದು ವರ್ಷ ಕಳೆಯುವುದರೊಳಗೆ ಸತ್ತರು. ದಳವಾಯಿ ವಿಕ್ರಮರಾಯನೇ ವಿಷ ಹಾಕಿಸಿದ ಅಂತ ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುತ್ತಾನೆ. ಅದೇ ದಳವಾಯಿಯ ಕೈಯಲ್ಲಿದ್ದ ಅರಮನೆಗೆ ಬಂದು ಕುಳಿತ ನರಸರಾಜನಿಗೆ ಆಗ ಇಪ್ಪತ್ತಮೂರು. ಅಂದರೆ ನಮ್ಮ ಸೀನಿಯರ್‌ಗಳ ವಯಸ್ಸು! ನಾವು ಪ್ಲೇಸ್‌ಮೆಂಟ್ ಯೋಚನೆಯಲ್ಲಿ ನಿದ್ದೆ ಕೆಡಿಸಿಕೊಳ್ಳುವ ಹೊತ್ತಿಗೆ ಅವನು ತಟ್ಟೆಯಲ್ಲಿರೋ ಅನ್ನವನ್ನು ನಂಬಬಹುದೋ ಬೇಡವೋ ಅಂತ ಯೋಚಿಸಬೇಕಿತ್ತು. ವಿಕ್ರಮರಾಯ ಹೆಚ್ಚು ದಿನ ಉಳಿಯಲಿಲ್ಲ. ಹೊಸ ರಾಜನೇ ಅವನನ್ನು ಕೊಲ್ಲಿಸಿದ ಅಂತಲೂ ವಿಲ್ಕ್ಸ್ ಬರೆದಿದ್ದಾನೆ. ಕಂಠೀರವನನ್ನು ಬರೀ ಸಿನಿಮಾದ ಹೀರೋ ಅಂತ ನೋಡುವವರು ಈ ಭಾಗವನ್ನೂ ಓದಬೇಕು.

ಮನೆಯೊಳಗಿನ ಗಂಡಾಂತರ ಹೀಗಿದ್ದರೆ ಹೊರಗಿನದು ಇನ್ನೂ ದೊಡ್ಡದು. ಅದೇ 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಬೆಂಗಳೂರು ಶಿವಾಜಿಯ ತಂದೆ ಶಹಾಜಿಯ ಕೈಗೆ ಹೋಯಿತು. ಇಮ್ಮಡಿ ಕೆಂಪೇಗೌಡರು ಊರು ಬಿಟ್ಟು ಮಾಗಡಿಗೆ ಬಂದು ನೆಲೆ ನಿಂತರು. ಬಿಜಾಪುರದ ಸೈನ್ಯ ಅಲ್ಲಿಗೇ ನಿಲ್ಲದೆ ಶ್ರೀರಂಗಪಟ್ಟಣದ ಕೋಟೆಗೂ ಬಂದು ಮುತ್ತಿಗೆ ಹಾಕಿತು. ಹೊಸ ದೊರೆ ಎದುರು ನಿಂತ. ಕೋಟೆ ಉಳಿಯಿತು, ಸೈನ್ಯ ಹಿಂದಿರುಗಿತು. ರಣಧೀರ ಅನ್ನೋ ಹೆಸರು ಅವನಿಗೆ ಬರೀ ಬಿರುದಾಗಿ ಉಳಿಯಲಿಲ್ಲ.

ಇಲ್ಲೊಂದು ಸ್ವಾರಸ್ಯ ಇದೆ. ಚನ್ನಪಟ್ಟಣ ಜಗದೇವರಾಯನ ವಂಶದವರಿಂದ ಮೈಸೂರಿಗೆ ಸೇರಿದ್ದು 1630ರಲ್ಲಿ. ಮಾಗಡಿ ಮೈಸೂರಿಗೆ ಸೇರಿದ್ದು 1728ರಲ್ಲಿ. ಅಂದರೆ ಇವತ್ತು ನಾವು ಕಾಲೇಜ್ ಬಸ್ಸಲ್ಲಿ ನಿದ್ದೆ ಹೊಡೆಯುತ್ತಾ ದಾಟುವ ದಾರಿಯಲ್ಲಿ ಆಗ ಎರಡು ರಾಜ್ಯಗಳ ಗಡಿ ಇತ್ತು!

ಇನ್ನು ಎಲ್ಲರೂ ಕೇಳಿರೋ ತಿರುಚಿನಾಪಳ್ಳಿಯ ಕಥೆ. ಅಲ್ಲಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿಸಿದ್ದನಂತೆ. ಒಳಗೆ ಬರುವವರೆಲ್ಲ ಅದರ ಕೆಳಗೇ ತಲೆ ತಗ್ಗಿಸಿ ಬರಬೇಕು, ಇಲ್ಲವೇ ಅವನ ಜೊತೆ ಸೆಣಸಬೇಕು. ನರಸರಾಜ ಇನ್ನೂ ಪಟ್ಟಕ್ಕೆ ಬರುವ ಮೊದಲೇ ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ, ಅವನನ್ನು ಕತ್ತಿಯ ಏಟಿಗೆ ಉರುಳಿಸಿ, ಸನ್ಮಾನಕ್ಕೂ ಕಾಯದೆ ಹಿಂದಿರುಗಿದನಂತೆ. ಈ ಕಥೆಯನ್ನೂ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಅವನು ಬರೆದದ್ದು ಘಟನೆ ನಡೆಯಿತು ಅನ್ನೋ ಕಾಲಕ್ಕಿಂತ ಸುಮಾರು ನೂರೆಪ್ಪತ್ತು ವರ್ಷದ ಮೇಲೆ. ಹಾಗಾಗಿ ಇದನ್ನು ಲ್ಯಾಬ್ ರೀಡಿಂಗ್ ಥರ ನಂಬೋದು ಕಷ್ಟ. ಆದರೆ ಜನ ತಮ್ಮ ದೊರೆಯನ್ನು ಹೇಗೆ ನೆನಪಿಟ್ಟುಕೊಳ್ಳಲು ಬಯಸಿದರು ಅನ್ನೋದು ಇದರಿಂದ ಚೆನ್ನಾಗಿ ಗೊತ್ತಾಗುತ್ತೆ: ದಂಡು ಕಟ್ಟಿಕೊಂಡು ಹೋದವನಾಗಿ ಅಲ್ಲ, ಒಬ್ಬನೇ ಅಖಾಡಕ್ಕೆ ಇಳಿದವನಾಗಿ.

ನಂಬಬಹುದಾದ ಸಾಕ್ಷಿಯೂ ಇದೆ. ಅವನ ಕಾಲದಲ್ಲೇ ಗೋವಿಂದ ವೈದ್ಯ ಬರೆದ ಸಾಂಗತ್ಯ ಕಾವ್ಯ ಕಂಠೀರವ ನರಸರಾಜ ವಿಜಯದಲ್ಲಿ ಶ್ರೀರಂಗಪಟ್ಟಣದ ದಸರಾದ ವರ್ಣನೆ ಬರುತ್ತೆ, ಅದರಲ್ಲಿ ಮಲ್ಲರ ಕಾಳಗವೂ ಇದೆ. ವಿಜಯನಗರದ ಮಹಾನವಮಿಯಲ್ಲಿ ಹಲ್ಲು ಉದುರುವಂತೆ ಹೊಡೆದಾಡುವ ಮಲ್ಲರನ್ನು ಕಂಡು ಪೋರ್ಚುಗೀಸ್ ಪ್ರವಾಸಿ ಪಾಯಸ್ ಬೆರಗಾಗಿದ್ದ. 1610ರಲ್ಲಿ ರಾಜ ಒಡೆಯರು ಆ ಹಬ್ಬವನ್ನು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಇನ್ನೂ ಹಿಂದೆ ಹೋದರೆ 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮಲ್ಲರ ದರ್ಜೆ, ಊಟ, ಅಭ್ಯಾಸ ಎಲ್ಲದರ ವಿವರ ಇದೆ. ಅದರಲ್ಲಿ ಮೇಲಿನ ದರ್ಜೆಯ ಮಲ್ಲನ ಹೆಸರು ಜ್ಯೇಷ್ಠಿಕ. ನಮ್ಮ ಜಟ್ಟಿ ಪದ ಅದಕ್ಕೆ ಸಂಬಂಧಿಸಿದ್ದು ಅನ್ನುತ್ತಾರೆ.

ಆ ಪರಂಪರೆಯ ಉಳಿದ ಕೊಂಡಿಯೇ ವಜ್ರಮುಷ್ಟಿ ಕಾಳಗ. ಇವತ್ತಿಗೂ ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ಜಟ್ಟಿಗಳು ಇದನ್ನು ಆಡುತ್ತಾರೆ. ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ನಮ್ಮ ಚನ್ನಪಟ್ಟಣದ ಜಟ್ಟಿ ಮನೆತನಗಳ ಹುಡುಗರು. ಚನ್ನಪಟ್ಟಣ ಅಂದರೆ ಬರೀ ಗೊಂಬೆ ಅಂದುಕೊಂಡಿದ್ದ ನಮಗೆ ಇದು ಹೊಸ ವಿಷಯ. ತಲೆ ಬೋಳಿಸಿ, ಜುಟ್ಟು ಬಿಟ್ಟು, ಬಲಗೈ ಬೆರಳಿಗೆ ಮೊನೆಗಳಿರುವ ವಜ್ರನಖ ತೊಟ್ಟು ಎದುರಾಳಿಯ ತಲೆಗೆ ಗುರಿ ಇಡುತ್ತಾರೆ. ಬಲ ಅಷ್ಟೇ ಇದ್ದರೂ ತಾಗುವ ಜಾಗ ಚಿಕ್ಕದಾದಷ್ಟೂ ಒತ್ತಡ ಹೆಚ್ಚು ಅಂತ ನಾವು ಓದಿದ್ದೇವಲ್ಲ, ಅದು ಇಲ್ಲಿ ಬರಿಗಣ್ಣಿಗೆ ಕಾಣುತ್ತೆ. ಆದರೆ ಯಾರದಾದರೂ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕ್ಷಣವೇ ಉಸ್ತಾದರು ನಡುವೆ ಬಂದು ನಿಲ್ಲಿಸುತ್ತಾರೆ. ಎಷ್ಟೋ ಸಲ ಒಂದು ನಿಮಿಷವೂ ಆಗಿರಲ್ಲ. ಆ ಒಂದು ನಿಮಿಷಕ್ಕೆ ವಾರಗಟ್ಟಲೆ ವ್ರತ, ವರ್ಷಗಟ್ಟಲೆ ಸಾಮು.

ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ್ದು ಈ ನಿಯಮವೇ. ತಿರುಚಿನಾಪಳ್ಳಿಯ ಕಥೆ ಮುಗಿಯುವುದು ಒಬ್ಬನ ಸಾವಿನಲ್ಲಿ. ಅರಮನೆಯ ರಾಜಕೀಯ ಮುಗಿದದ್ದೂ ಸಾವಿನಲ್ಲೇ. ಅಖಾಡದಲ್ಲಿ ಮಾತ್ರ ಹೊಡೆಯುವ ಕೈಗೆ ನಿಲ್ಲಿಸುವುದನ್ನೂ ಕಲಿಸಿದ್ದಾರೆ. ನಾವು ಉಳಿಸಿಕೊಂಡು ಬಂದಿರೋದೂ ಅದನ್ನೇ.

ಕಂಠೀರವ ತೀರಿಕೊಂಡದ್ದು 1659ರಲ್ಲಿ, ನಲವತ್ತನಾಲ್ಕನೇ ವಯಸ್ಸಿನಲ್ಲಿ. ಪಟ್ಟಕ್ಕೆ ಮಗನಿರಲಿಲ್ಲ, ದೊಡ್ಡ ದೇವರಾಜ ಒಡೆಯರು ಬಂದರು. ಮೈಸೂರಿನ ಒಡೆಯರಲ್ಲಿ ಮೊದಲು ಟಂಕಸಾಲೆ ಸ್ಥಾಪಿಸಿದವನು ಇವನೇ. ಅವನ ಪುಟ್ಟ ಚಿನ್ನದ ಕಂಠೀರಾಯ ಹಣದ ಲೆಕ್ಕ ದಿವಾನ್ ಪೂರ್ಣಯ್ಯನವರ ಕಾಲದವರೆಗೂ ನಡೆಯಿತು. ಅವನೇ ಕಟ್ಟಿಸಿದ ಶ್ರೀರಂಗಪಟ್ಟಣದ ನರಸಿಂಹ ದೇವಸ್ಥಾನದಲ್ಲಿ ಅವನ ವಿಗ್ರಹ ಈಗಲೂ ಇದೆ.

ಮುಂದಿನ ದಸರಾ ರಜೆಯಲ್ಲಿ ಸಂಘದಿಂದ ಅಲ್ಲಿಗೊಂದು ಟ್ರಿಪ್ ಹಾಕೋಣ ಅಂತಿದ್ದೇವೆ. ಅದಕ್ಕೂ ಮೊದಲು, ರಜೆ ಮುಗಿದ ಮೇಲೆ ನಿಮ್ಮ ಕ್ಲಾಸಿಗೆ ಚನ್ನಪಟ್ಟಣದ ಹುಡುಗನೊಬ್ಬ ಬೋಳಿಸಿದ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದರೆ ನಗಬೇಡಿ. ಪಕ್ಕ ಕೂರಿಸಿಕೊಂಡು ಕಥೆ ಕೇಳಿ.