ಬಿಡಾರದ ಪ್ರಯೋಗಶಾಲೆಯಿಂದ ಬೆಂಗಾಲ್ ಕೆಮಿಕಲ್ಸ್‌ಗೆ

1861ರ ಆಗಸ್ಟ್ 2ರಂದು ಇಂದಿನ ಬಾಂಗ್ಲಾದೇಶದ ರಾರೂಲಿಯಲ್ಲಿ ಜನಿಸಿದ ಪ್ರಫುಲ್ಲಚಂದ್ರ ರಾಯ್ ಅವರಿಗೆ ರಸಾಯನಶಾಸ್ತ್ರದ ಗೀಳು ಹತ್ತಿದ್ದು ಕೋಲ್ಕತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಪ್ರಾಧ್ಯಾಪಕ ಪೆಡ್ಲರ್ ಅವರ ಪ್ರಯೋಗಗಳನ್ನು ಕಂಡು. ನೋಡಿದ್ದು ಸಾಲದೆ ಸಹಪಾಠಿಯ ಬಿಡಾರದಲ್ಲೇ ಪುಟ್ಟ ಪ್ರಯೋಗಶಾಲೆ ಹೂಡಿದರು. ತಗಡಿನಿಂದ ಮಾಡಿಸಿದ ಆಮ್ಲಜನಕ-ಜಲಜನಕದ ಊದುಕೊಳವೆ ಒಮ್ಮೆ ಭೀಕರವಾಗಿ ಸಿಡಿಯಿತು. ಈ ಅನಿಲಗಳೆರಡೂ ಬೆರೆತಿದ್ದರೆ ಕಿಡಿಯೊಂದೇ ಸಾಕು. ಗೆಳೆಯರಿಬ್ಬರಿಗೂ ಗಾಯವಾಗದಿದ್ದುದು ಪುಣ್ಯ.

ಎಡಿನ್‌ಬರೋದಲ್ಲಿ ಡಿ.ಎಸ್ಸಿ. ಪಡೆದು ಮರಳಿ, ಪ್ರಾಧ್ಯಾಪಕರಾದ ಮೇಲೂ ಮನೆಯ ಪ್ರಯೋಗಗಳು ನಿಲ್ಲಲಿಲ್ಲ. ಅಪ್ಪರ್ ಸರ್ಕ್ಯುಲರ್ ರಸ್ತೆಯ ಬಾಡಿಗೆ ಮನೆಯ ತಾರಸಿಯಲ್ಲಿ ಫಾಸ್ಫೇಟ್ ತಯಾರಿಕೆಗೆಂದು ಹರವಿದ್ದ ದನದ ಮೂಳೆಗಳು ಮಳೆಗೆ ಕೊಳೆತು ನಾರಿದವು. ನೆರೆಹೊರೆಯವರು ಸಹಜವಾಗಿಯೇ ಸಿಡಿಮಿಡಿಗೊಂಡರು. ಆದರೂ ಅದೇ ಮನೆಯಲ್ಲಿ, ಸುಮಾರು 700 ರೂಪಾಯಿ ಬಂಡವಾಳದಲ್ಲಿ 1892ರ ಹೊತ್ತಿಗೆ ಔಷಧ ತಯಾರಿಕೆ ಆರಂಭವಾಯಿತು. ಅದೇ 1901ರಲ್ಲಿ ಲಿಮಿಟೆಡ್ ಕಂಪನಿಯಾದ ಬೆಂಗಾಲ್ ಕೆಮಿಕಲ್ಸ್. ಅವಿವಾಹಿತರಾಗಿಯೇ ಉಳಿದ ರಾಯ್ 1944ರ ಜೂನ್ 16ರಂದು ನಿಧನರಾದರು. ಕಂಪನಿ 1980ರಲ್ಲಿ ರಾಷ್ಟ್ರೀಕರಣಗೊಂಡಿತು.