ಹಗೆಯ ಮೂಲವನ್ನರಿತ ಹಾಸ್ಯಗಾರರು

ಸಕಲೇಶಪುರದ ಗುಡ್ಡಗಳ ನಡುವೆ ಹರಿದು ಬರುವ ಹೇಮಾವತಿಯು ಹಾಸನ ಸೀಮೆಗೆ ಅನ್ನವನ್ನಿತ್ತಂತೆ ಕನ್ನಡಕ್ಕೆ ಒಬ್ಬ ಕಥೆಗಾರರನ್ನೂ ಇತ್ತಿತು. ಆ ನದಿಯ ದಡದ ಗೊರೂರಿನಲ್ಲಿ 1904ರಲ್ಲಿ ಜನಿಸಿದ ರಾಮಸ್ವಾಮಿ ಅಯ್ಯಂಗಾರ್ಯರನ್ನು ನಾಡು ಹಾಸ್ಯಲೇಖಕರೆಂದೇ ಬಲ್ಲದು. ಕನ್ನಡ ಚಲನಚಿತ್ರವು ಕಂಡ ಅತ್ಯಂತ ಕರಾಳವಾದ ಹಗೆಯ ಕಥೆಗಳಲ್ಲೊಂದು ಅವರ ಲೇಖನಿಯಿಂದಲೇ ಹೊರಟಿತೆಂಬುದನ್ನು ಅನೇಕರು ಮರೆತಿರುವರು.

ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅವರು ಹದಿಹರೆಯದಲ್ಲಿಯೇ ಶಾಲೆಯನ್ನು ತೊರೆದರು. ಅಹಮದಾಬಾದಿನ ಗುಜರಾತ್ ವಿದ್ಯಾಪೀಠದಲ್ಲಿ ವ್ಯಾಸಂಗ ಮಾಡಿದರು. ಹಿಂದಿರುಗಿ ಖಾದಿ ಮತ್ತು ಗ್ರಾಮಸೇವೆಯಲ್ಲಿ ತೊಡಗಿದರು. 1942ರ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡರು. ಹಳ್ಳಿಯ ನಗೆಯನ್ನು ಬಲ್ಲವರಿಗೆ ಹಳ್ಳಿಯ ಸಾಲ, ವ್ಯಾಜ್ಯ, ದ್ವೇಷಗಳು ಅಪರಿಚಿತವಾಗಿರಲಿಲ್ಲ. ಆ ಅರಿವಿನ ಫಲವೇ 'ಭೂತಯ್ಯನ ಮಗ ಅಯ್ಯು'.

ಸಿದ್ಧಲಿಂಗಯ್ಯನವರು 1974ರಲ್ಲಿ ಅದನ್ನು ಚಿತ್ರವನ್ನಾಗಿಸಿದರು. ಎಂ.ಪಿ. ಶಂಕರ್ ಭೂತಯ್ಯನಾಗಿಯೂ, ಲೋಕೇಶ್ ಅಯ್ಯುವಾಗಿಯೂ, ವಿಷ್ಣುವರ್ಧನ್ ಗುಳ್ಳನಾಗಿಯೂ ಅಭಿನಯಿಸಿದರು. ಊರನ್ನೇ ನಡುಗಿಸಿದ ಲೇವಾದೇವಿಗಾರನು ಸತ್ತಾಗ ಅವನ ಹೆಣಕ್ಕೆ ಹೆಗಲು ಕೊಡಲು ಒಬ್ಬನೂ ಬರುವುದಿಲ್ಲ. ಆ ಅವಮಾನವು ಮಗನ ಎದೆಯಲ್ಲಿ ಸೇಡಾಗಿ ಬೇರೂರುತ್ತದೆ; ಸೇಡು ನ್ಯಾಯಾಲಯದ ಮೆಟ್ಟಲನ್ನೇರುತ್ತದೆ; ಕಡೆಗೆ ಊರಿಗೆ ಊರೇ ದಂಗೆಯೇಳುತ್ತದೆ.

ಸಾಮಾನ್ಯವಾದ ಪತ್ತೇದಾರಿ ಚಿತ್ರದಲ್ಲಿ ಅಪರಾಧಿ ಯಾರೆಂಬುದೇ ಪ್ರಶ್ನೆ. ಇಲ್ಲಿ ಅಪರಾಧಿಯನ್ನು ಊರೆಲ್ಲವೂ ಬಲ್ಲದು. ಅಪರಾಧವು ಹೇಗೆ ಹುಟ್ಟಿತೆಂಬುದೇ ಪ್ರಶ್ನೆ. ತಂದೆಯ ಕ್ರೌರ್ಯಕ್ಕೆ ಊರು ತೋರಿದ ನಿಷ್ಕರುಣೆಯೇ ಮಗನ ಕ್ರೌರ್ಯಕ್ಕೆ ತಾಯಿಬೇರಾಯಿತು. ಹೀಗೆ ಪೀಡಿತರ ಮೇಲೂ ಒಂದು ಪಾಲು ಹೊಣೆಯನ್ನು ಹೊರಿಸುವ ಧೈರ್ಯವನ್ನು ಈ ಕಥೆಯು ತೋರಿತು. ಕಂದಾಯದ ಕಾಗದ, ಭೋಗ್ಯದ ಪತ್ರ, ದಾವೆಯ ಕಟ್ಟುಗಳನ್ನು ದಿನವೂ ನೋಡುವ ನಮ್ಮ ಅಧಿಕಾರಿಗಳು ಇದನ್ನು ಮನನ ಮಾಡಬೇಕು. ತೀರ್ಪು ದಾವೆಯನ್ನು ಮುಗಿಸಬಹುದು, ಹಗೆಯನ್ನು ಮುಗಿಸಲಾರದು. ಚಿತ್ರದಲ್ಲಿಯೂ ವೈರವನ್ನು ತೊಳೆದದ್ದು ತೀರ್ಪಲ್ಲ. ಪ್ರವಾಹದ ಸಂಕಟದಲ್ಲಿ ಮೂಡಿದ ಮನುಷ್ಯತ್ವ.

ಅಯ್ಯಂಗಾರ್ಯರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು, 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು, 1982ರಲ್ಲಿ ಶಿರಸಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದರು, 1991ರಲ್ಲಿ ದಿವಂಗತರಾದರು. ಅವರ ಜೀವಿತಕಾಲದಲ್ಲಿಯೇ, 1979ರಲ್ಲಿ, ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ನಿಂತಿತು. ಅದರ ಹಿನ್ನೀರು ಆಲೂರು ಸೀಮೆಯವರೆಗೂ ಚಾಚಿ ಹಳೆಯ ಊರುಗಳನ್ನು ಮುಳುಗಿಸಿತು. ಜಗುಲಿಯೂ ಜಗಳವೂ ಕೂಡಿದ್ದ ಆ ಹಳ್ಳಿಯ ಬಾಳು ಇಂದು ಅವರ ಪುಟಗಳಲ್ಲಿ ಉಳಿದಿದೆ. ಅದರ ನಗೆಯನ್ನು ಮಾತ್ರ ನೆನೆದು ನೆರಳನ್ನು ಮರೆಯುವುದು ಆ ಮಹನೀಯರಿಗೆ ಸಲ್ಲಿಸುವ ಅರೆ ಗೌರವವಷ್ಟೆ.