ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (12 ಜನವರಿ 1895 – ಆಗಸ್ಟ್ 1948) ಭಾರತದಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಜೀವರಸಾಯನ ವಿಜ್ಞಾನಿ. ಆಹಾರದಿಂದ ದೊರೆತ ಶಕ್ತಿಯನ್ನು ಜೀವಕೋಶದ ಕೆಲಸಗಳಿಗೆ ಒದಗಿಸುವ ಅಡೆನೊಸಿನ್ ಟ್ರೈಫಾಸ್ಫೇಟ್ (ಎಟಿಪಿ) ಎಂಬ ಸಂಯುಕ್ತವನ್ನು ಸೈರಸ್ ಫಿಸ್ಕೆಯವರೊಡನೆ ಸ್ನಾಯುವಿನಿಂದ ಬೇರ್ಪಡಿಸಿದವರು. ಎಟಿಪಿಯ ಪ್ರಸ್ತಾಪವಿಲ್ಲದ ಜೀವಶಾಸ್ತ್ರದ ಪಠ್ಯಪುಸ್ತಕವಿಲ್ಲ; ಸುಬ್ಬರಾವ್ ಅವರ ಹೆಸರು ಮಾತ್ರ ಅಲ್ಲಿ ಅಪರೂಪ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಇಂದಿನ ಆಂಧ್ರಪ್ರದೇಶದ ಭೀಮಾವರದಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಸುಬ್ಬರಾವ್, ಮೂರನೆಯ ಪ್ರಯತ್ನದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದರು. ಸೋದರರಿಬ್ಬರು ಸ್ಪ್ರೂ ಎಂಬ ಕರುಳಿನ ರೋಗದಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಸ್ವದೇಶಿ ಚಳವಳಿಯ ಪ್ರಭಾವದಿಂದ ಖಾದಿಯ ಶಸ್ತ್ರಚಿಕಿತ್ಸಾ ನಿಲುವಂಗಿ ತೊಟ್ಟು ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಪೂರ್ಣ ಪ್ರಮಾಣದ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿಯಷ್ಟೇ ದೊರೆಯಿತು. ಕೆಲಕಾಲ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, 1920ರ ದಶಕದ ಆರಂಭದಲ್ಲಿ ಬಾಸ್ಟನ್ನಿಗೆ ತೆರಳಿದರು. ಪತ್ನಿ ಭಾರತದಲ್ಲೇ ಉಳಿದರು. ಸುಬ್ಬರಾವ್ ಮತ್ತೆ ಸ್ವದೇಶಕ್ಕೆ ಮರಳಲಿಲ್ಲ. ಖರ್ಚಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಸಹಾಯಕರಾಗಿ ದುಡಿಯುತ್ತ ಹಾರ್ವರ್ಡ್‌ನಲ್ಲಿ ಉಷ್ಣವಲಯದ ವೈದ್ಯಶಾಸ್ತ್ರದ ಡಿಪ್ಲೊಮಾ ಪಡೆದರು.

ಜೀವಕೋಶದ ಶಕ್ತಿಯ ಅಧ್ಯಯನ

ಹಾರ್ವರ್ಡ್‌ನಲ್ಲಿ ಫಿಸ್ಕೆಯವರೊಡನೆ ಕೈಗೊಂಡ ಮೊದಲ ಕೆಲಸ ಮೇಲ್ನೋಟಕ್ಕೆ ಸಾಧಾರಣವಾದದ್ದು: ರಕ್ತ ಮತ್ತು ಅಂಗಾಂಶಗಳಲ್ಲಿರುವ ರಂಜಕವನ್ನು ಅಳೆಯುವುದು. ಮಾದರಿಗೆ ಮಾಲಿಬ್ಡೇಟ್ ಬೆರೆಸಿ ಅಪಕರ್ಷಿಸಿದಾಗ ನೀಲಿ ಬಣ್ಣ ಮೂಡುತ್ತದೆ. ಬಣ್ಣದ ಗಾಢತೆಯಿಂದ ರಂಜಕದ ಪ್ರಮಾಣ ತಿಳಿಯುತ್ತದೆ. 1925ರಲ್ಲಿ ಪ್ರಕಟವಾದ ಈ ಫಿಸ್ಕೆ-ಸುಬ್ಬರಾವ್ ವಿಧಾನ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿತ್ತು.

ಸ್ನಾಯುವಿನ ಸಾರವನ್ನು ಪರೀಕ್ಷಿಸಿದಾಗ ಮಾತ್ರ ಬಣ್ಣ ತಡವಾಗಿ ಮೂಡುತ್ತಿತ್ತು. ಇದನ್ನು ವಿಧಾನದ ದೋಷವೆಂದು ತಳ್ಳಿಹಾಕದೆ ಕಾರಣ ಹುಡುಕಿದ್ದರಿಂದ, ಆಮ್ಲದಲ್ಲಿ ನಿಧಾನವಾಗಿ ಒಡೆದು ಫಾಸ್ಫೇಟನ್ನು ಬಿಟ್ಟುಕೊಡುವ ಫಾಸ್ಫೊಕ್ರಿಯೇಟಿನ್ ಎಂಬ ಸಂಯುಕ್ತ 1927ರಲ್ಲಿ ಬೆಳಕಿಗೆ ಬಂತು. ಆಗ ಸ್ನಾಯುವಿನ ಸಂಕೋಚನಕ್ಕೆ ಲ್ಯಾಕ್ಟಿಕ್ ಆಮ್ಲವೇ ನೇರ ಕಾರಣವೆಂಬ ನಂಬಿಕೆಯಿತ್ತು. ಸ್ನಾಯುವಿನ ಶಕ್ತಿ ಕುರಿತ ಸಂಶೋಧನೆಗೆ ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ನೇ ಸಾಲಿನ ನೊಬೆಲ್ ಪ್ರಶಸ್ತಿಯೂ ಸಂದಿತ್ತು. ಹೊಸ ಸಂಯುಕ್ತ ಈ ನಂಬಿಕೆಯನ್ನು ಅಲುಗಿಸಿತು. 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಮ್ಲವಿಲ್ಲದೆಯೂ ಸ್ನಾಯು ಸಂಕುಚಿಸುವುದನ್ನು ತೋರಿಸಿದರು.

1929ರಲ್ಲಿ ಫಿಸ್ಕೆ ಮತ್ತು ಸುಬ್ಬರಾವ್ ಎಟಿಪಿಯನ್ನು ವರದಿ ಮಾಡಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸ್ವತಂತ್ರವಾಗಿ ಅದೇ ಸಂಯುಕ್ತವನ್ನು ಕಂಡುಹಿಡಿದಿದ್ದರು. ಲೋಮನ್ ಅವರ ಪ್ರಕಟಣೆ ತುಸು ಮೊದಲಿನದಾದ್ದರಿಂದ ಶ್ರೇಯಸ್ಸು ಹೆಚ್ಚಾಗಿ ಅವರ ಪಾಲಾಯಿತು. ಎಟಿಪಿ ಎಲ್ಲ ಜೀವಿಗಳ ಶಕ್ತಿವಾಹಕವೆಂಬ ವಿಶಾಲ ಚಿತ್ರವನ್ನು 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಮುಂದಿಟ್ಟರು.

ಜೀವಕೋಶೀಯ ಉಸಿರಾಟದಲ್ಲಿ ಗ್ಲೂಕೋಸ್ ಹಂತಹಂತವಾಗಿ ಉತ್ಕರ್ಷಣಗೊಂಡಾಗ ಬಿಡುಗಡೆಯಾಗುವ ಶಕ್ತಿಯ ಒಂದು ಭಾಗ ಎಟಿಪಿಯಲ್ಲಿ ಸಂಗ್ರಹವಾಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಅಣುಗಳು ದೊರೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಮೈಟೋಕಾಂಡ್ರಿಯದಲ್ಲಿ ಆಮ್ಲಜನಕದ ನೆರವಿನಿಂದ ತಯಾರಾಗುತ್ತವೆ. ದೇಹದಲ್ಲಿ ಎಟಿಪಿಯ ದಾಸ್ತಾನು ಅತ್ಯಲ್ಪ. ಅದು ಒಡೆಯುತ್ತ, ಮತ್ತೆ ಕೂಡುತ್ತ ಸದಾ ಚಲಾವಣೆಯಲ್ಲಿರುತ್ತದೆ. ಸ್ನಾಯು ಒಮ್ಮೆಲೇ ದುಡಿಯಬೇಕಾದಾಗ ಎಟಿಪಿಯನ್ನು ಕ್ಷಣಮಾತ್ರದಲ್ಲಿ ಮರುಪೂರಣ ಮಾಡುವುದು ಫಾಸ್ಫೊಕ್ರಿಯೇಟಿನ್. ಹೀಗೆ ನೀಲಿ ಬಣ್ಣದ ವಿಳಂಬ ಸೂಚಿಸಿದ ವಸ್ತುವೂ ಇದೇ ವ್ಯವಸ್ಥೆಯ ಅಂಗವಾಗಿತ್ತು.

ಔಷಧ ಸಂಶೋಧನೆ

ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ದೊರೆಯದ ಕಾರಣ ಸುಬ್ಬರಾವ್ 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಸಂಶ್ಲೇಷಿಸಿತು. ಸೋದರರನ್ನು ಬಲಿತೆಗೆದುಕೊಂಡ ಸ್ಪ್ರೂ ರೋಗದ ಚಿಕಿತ್ಸೆಗೂ ಅದು ಒದಗಿತು. ಫೋಲಿಕ್ ಆಮ್ಲದ ಕಾರ್ಯಕ್ಕೆ ತಡೆಯೊಡ್ಡುವ ಅಮಿನೊಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ನೀಡಿ, ತಾತ್ಕಾಲಿಕ ಉಪಶಮನ ದೊರೆತುದನ್ನು 1948ರಲ್ಲಿ ವರದಿ ಮಾಡಿದರು. ಅದೇ ವರ್ಗದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಆನೆಕಾಲು ರೋಗಕ್ಕೆ ಭಾರತದಲ್ಲಿ ಸಾಮೂಹಿಕವಾಗಿ ನೀಡುವ ಡೈಇಥೈಲ್‌ಕಾರ್ಬಮಜೀನ್, ಬೆಂಜಮಿನ್ ದುಗ್ಗರ್ ಕಂಡುಹಿಡಿದ ಆರಿಯೊಮೈಸಿನ್ ಸಹ ಅವರ ನೇತೃತ್ವದ ಪ್ರಯೋಗಾಲಯದಿಂದಲೇ ಬಂದವು.

ನಿಧನ

ಆರಿಯೊಮೈಸಿನ್ ಪ್ರಕಟವಾದ ವರ್ಷವೇ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನ್ಯೂಯಾರ್ಕ್‌ನಲ್ಲಿ ನಿಧನರಾದರು. 1953ರಲ್ಲಿ ಹೆಸರಿಸಲಾದ ಸುಬ್ಬರೊಮೈಸಿಸ್ ಎಂಬ ಶಿಲೀಂಧ್ರ ಕುಲಕ್ಕೆ ಅವರ ಹೆಸರಿದೆ. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.